ಹಾರ್ಡ್ ಡಿಸ್ಕ್ ಲೈಟ್ ಉರಿಯುತ್ತೆ, ಉಬುಂಟುಗೆ ಕಾಣಲ್ಲ. ಮಿಂಟ್ ಹಾಕಲಾ, ಫೆಡೋರಾ ಹಾಕಲಾ?

ಎರಡೂ ಬೇಡ. ಉಬುಂಟು, ಮಿಂಟ್, ಫೆಡೋರಾ ಮೂರೂ ಲಿನಕ್ಸ್ ಅನ್ನುವ ಒಎಸ್‌ನ (ಕಂಪ್ಯೂಟರ್ ನಡೆಸುವ ತಂತ್ರಾಂಶದ) ಬೇರೆ ಬೇರೆ ರೂಪಗಳು. ಲೈಟ್ ಉರಿಯುತ್ತೆ, ಡಿಸ್ಕ್ ತಿರುಗುವ ಸದ್ದೂ ಬರುತ್ತೆ, ಆದರೆ ಫೈಲ್ಸ್‌ನಲ್ಲಿ ಏನೂ ಇಲ್ಲ ಅಂದಿದ್ದೀರಿ. ನನಗೆ ಆಗಿದ್ದೂ ಇದೇ. ಉಬುಂಟು ತೆಗೆದು ಮಿಂಟ್ ಹಾಕಿದೆ. ಮಿಂಟ್‌ಗೂ ಕಾಣಲಿಲ್ಲ.

ನಮ್ಮದು ಉಡುಪಿ. ಮಾವ ತಾಳಮದ್ದಳೆಯಲ್ಲಿ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ಅರ್ಥ, ಅಂದರೆ ಪಾತ್ರದ ಮಾತು, ಹೇಳುತ್ತಾರೆ. ಮಳೆಗಾಲಕ್ಕೆ ಮುನ್ನ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸಿದ ಮೇಲೆ ಮಳೆಗಾಲವಿಡೀ ಕೂಟಗಳಿರುತ್ತವಲ್ಲ, ಅವರ ಜೊತೆ ಹೋಗಿ ಮೊಬೈಲಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ಅರ್ಥಕ್ಕೆ ಬರೆದಿಟ್ಟ ಮಾತಿಲ್ಲ. ಪದ್ಯ ಅದೇ, ಆದರೆ ವಾಲಿ ರಾಮನಿಗೆ ಇವತ್ತು ಕೇಳಿದ ಪ್ರಶ್ನೆ ನಾಳೆ ಕೇಳುತ್ತಾನೆ ಅಂತಿಲ್ಲ. ಮೊಬೈಲ್ ತುಂಬಿದಾಗ ಎಲ್ಲವನ್ನೂ ಮನೆಯ ಹಳೇ ಡೆಸ್ಕ್‌ಟಾಪಿಗೆ ಹಾಕಿ, ಮೊಬೈಲಿಂದ ಅಳಿಸುತ್ತಿದ್ದೆ. ಇನ್ನೊಂದು ಕಾಪಿ ಇರಲಿ ಅಂತ ಹೊರಗಿಂದ ಸಿಕ್ಕಿಸುವ ಹಾರ್ಡ್ ಡಿಸ್ಕ್ ಹುಡುಕಿ ತೆಗೆದೆ. ಅದರ ಕೇಬಲ್ ಕಳೆದುಹೋಗಿತ್ತು.

ನಿಮ್ಮ ಹಾರ್ಡ್ ಡಿಸ್ಕಿನ ಬಾಯಿ ಒಮ್ಮೆ ನೋಡಿ. ಅಗಲವಾಗಿ, ಒಂದು ದೊಡ್ಡದು ಒಂದು ಚಿಕ್ಕದು ಅಂತ ಎರಡು ಭಾಗ ಇದೆಯಾ? ಅದು ಯುಎಸ್‌ಬಿ 3.0 ಮೈಕ್ರೋ ಬಿ. ದೊಡ್ಡ ಭಾಗಕ್ಕೆ ಹಳೇ ಮೊಬೈಲ್ ಚಾರ್ಜರಿನ ಕೇಬಲ್ ಸರಿಯಾಗಿ ಕೂರುತ್ತೆ. ಹಾಗೆ ಕೂರಲಿ ಅಂತಲೇ ಮಾಡಿದ್ದು, ವೇಗ ಹಳೇ ಯುಎಸ್‌ಬಿ 2.0 ಮಟ್ಟಕ್ಕೆ ಇಳಿಯುತ್ತೆ ಅಷ್ಟೇ. ಆದರೆ ಒಳಗೆ ನಾಲ್ಕು ತಂತಿ ಇರಬೇಕು. ಸಾಮಾನ್ಯವಾಗಿ ಕೆಂಪು, ಕಪ್ಪು ಕರೆಂಟಿಗೆ. ಹಸಿರು, ಬಿಳಿ ಡೇಟಾಕ್ಕೆ. ನಾನು ಸಿಕ್ಕಿಸಿದ್ದು ಚಾರ್ಜಿಂಗ್ ಟಾರ್ಚಿನ ಜೊತೆ ಬಂದ ಕೇಬಲ್. ಅದರಲ್ಲಿ ಕರೆಂಟಿನ ತಂತಿ ಮಾತ್ರ. ಲೈಟ್ ಉರಿಯಿತು, ಡಿಸ್ಕ್ ತಿರುಗಿತು. ಕೇಬಲ್ ಸರಿ ಇದೆ, ಲಿನಕ್ಸೇ ಸರಿ ಇಲ್ಲ ಅಂತ ತೀರ್ಮಾನ ಮಾಡಿಬಿಟ್ಟೆ.

ಲೈಟ್ ಉರಿದರೆ ಕರೆಂಟ್ ಬಂತು ಅಂತ ಅರ್ಥ, ಅಷ್ಟೇ. ಡೇಟಾ ತಂತಿ ಇಲ್ಲದಿದ್ದರೆ ಏನೋ ಸಿಕ್ಕಿಸಿದ್ದಾರೆ ಅನ್ನುವುದೇ ಕಂಪ್ಯೂಟರಿಗೆ ಗೊತ್ತಾಗಲ್ಲ. ವಿಂಡೋಸ್ ಇದ್ದರೂ ಗೊತ್ತಾಗಲ್ಲ. ನಾನು ಬೇರೆ ಕೇಬಲ್ ಹಾಕಿ ನೋಡಲಿಲ್ಲ. ಅದೇ ಕೇಬಲಿಗೆ ಪೋರ್ಟ್ ಬದಲಿಸುತ್ತಾ ಕೂತೆ. ಅಂಗಡಿಯವರೊಬ್ಬರು 'ಒಎಸ್ ಹೊಸತು ಹಾಕಿ ಮಾರಾಯ್ರೆ' ಅಂದರು. ಮಿಂಟ್ ಇನ್‌ಸ್ಟಾಲ್ ಮಾಡುವಾಗ ಡೆಸ್ಕ್‌ಟಾಪಿನ ಒಳಗಿನ ಡಿಸ್ಕ್ ಅಳಿಸುವ ಆಯ್ಕೆ ಒತ್ತಿದೆ. ನಮ್ಮ ಫೈಲ್‌ಗಳಿರುವ ಹೋಮ್ ಫೋಲ್ಡರ್ ಬೇರೆ ಇರುತ್ತೆ, ಅದಕ್ಕೇನೂ ಆಗಲ್ಲ ಅನ್ನುವ ಭ್ರಮೆ. ಅಲ್ಲಿ ಡಿಸ್ಕ್ ಅಂದರೆ ಇಡೀ ಡಿಸ್ಕ್. ಆಮೇಲೆ ಅಳಿಸಿದ ಫೈಲ್ ಹುಡುಕುವ ಫೋಟೊರೆಕ್ ಓಡಿಸಿದಾಗ ಹೆಸರು, ತಾರೀಕು ಇಲ್ಲದ ಆಡಿಯೊ ತುಂಡುಗಳು ಒಂದಷ್ಟು ಸಿಕ್ಕವು. ಒಂದರಲ್ಲಿ ಬರೀ ಚೆಂಡೆ ಇದೆ.

ಹಾಗಾಗಿ ಯಾವ ಡಿಸ್ಟ್ರೋ (ಲಿನಕ್ಸಿನ ಯಾವ ರೂಪ) ಅನ್ನುವ ಪ್ರಶ್ನೆಯನ್ನೇ ಬಿಡಿ. ಯುಎಸ್‌ಬಿ ಗುರುತಿಸುವುದು ಕರ್ನಲ್, ಅಂದರೆ ಎಲ್ಲ ಲಿನಕ್ಸಿನ ಒಳಗಿರುವ ತಿರುಳು. ಮಿಂಟ್ ಅಂತೂ ಉಬುಂಟು ಮೇಲೇ ಕಟ್ಟಿದ್ದು. ಮತ್ತೂ ಅನುಮಾನ ಇದ್ದರೆ ಪೆನ್ ಡ್ರೈವಿಂದ ಲೈವ್ ಬೂಟ್ ಮಾಡಿ (ಇನ್‌ಸ್ಟಾಲ್ ಮಾಡದೆ ಪೆನ್ ಡ್ರೈವಿಂದಲೇ ಓಡಿಸಿ) ನೋಡಿ, ಇನ್‌ಸ್ಟಾಲ್ ಬಟನ್ ಮುಟ್ಟಬೇಡಿ.

ಮೊದಲು ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) 'sudo dmesg -w' ಓಡಿಸಿ, ಕರ್ನಲ್ ಹೇಳುವುದನ್ನೆಲ್ಲ ಅದು ತೋರಿಸುತ್ತೆ. ಈಗ ಡಿಸ್ಕ್ ಸಿಕ್ಕಿಸಿ. ಒಂದು ಹೊಸ ಸಾಲೂ ಬರಲಿಲ್ಲವಾ? ಕೇಬಲ್ ಅಥವಾ ಪೋರ್ಟ್. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಪೋರ್ಟಿನೊಳಗೆ ಹಸಿರು ಕಿಲುಬು ಕಟ್ಟುವುದೂ ಇದೆ, ಟಾರ್ಚ್ ಹಿಡಿದು ನೋಡಿ. ಎರರ್ -71, -110 ಬಂದರೆ ಕನೆಕ್ಷನ್ ಸಡಿಲ ಅಥವಾ ಕರೆಂಟ್ ಸಾಲುತ್ತಿಲ್ಲ ಅನ್ನುವ ಅನುಮಾನವೇ ಮೊದಲು. 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪ್, 3.0 ಪೋರ್ಟ್ 900. ಹಬ್ (ಒಂದು ಪೋರ್ಟನ್ನು ಹಲವು ಮಾಡುವ ಪೆಟ್ಟಿಗೆ) ತೆಗೆದು ನೇರ ಸಿಕ್ಕಿಸಿ, ಡೆಸ್ಕ್‌ಟಾಪ್ ಆದರೆ ಹಿಂದಿನ ಪೋರ್ಟಿಗೆ.

ಎಸ್‌ಡಿಬಿ (sdb, ಡಿಸ್ಕಿಗೆ ಲಿನಕ್ಸ್ ಕೊಡುವ ಹೆಸರು) ಅಂತೇನಾದರೂ ಕಂಡರೆ ಲಿನಕ್ಸ್ ಗುರುತಿಸಿ ಆಯಿತು. ಇನ್ನು ಮೌಂಟ್ (ಡಿಸ್ಕ್ ತೆರೆದು ಫೈಲ್ ತೋರಿಸುವುದು) ಅಥವಾ ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಫೈಲ್ ಜೋಡಿಸಿಟ್ಟ ರೀತಿ) ತಕರಾರು, ಅದು ಬೇರೆ ಕತೆ. ಆಗ ಫಾರ್ಮ್ಯಾಟ್ ಮಾಡಿ ಅನ್ನುವವರ ಮಾತು ಕೇಳಬೇಡಿ.

ಕೇಬಲ್ ತರಲು ಹೋಗುವಾಗ ಹಾರ್ಡ್ ಡಿಸ್ಕನ್ನೂ ತಗೊಂಡು ಹೋಗಿ. ಸುಮ್ನೆ 'ಯುಎಸ್‌ಬಿ ಕೇಬಲ್' ಅಂದರೆ ಚಾರ್ಜಿಂಗ್ ಕೇಬಲ್ ಕೊಟ್ಟು ಕಳಿಸುತ್ತಾರೆ. ಅಂಗಡಿಯ ಕಂಪ್ಯೂಟರಿಗೆ ಸಿಕ್ಕಿಸಿ, ಫೈಲ್ ಕಂಡ ಮೇಲೆ ದುಡ್ಡು ಕೊಡಿ.