ಅಣ್ಣನಿಗೆ ಏನೂ ಆಗಲ್ಲ, ನನಗೇ ಯಾಕೆ?

ಪ್ರಶ್ನೆ: ನಾನೂ ಅಣ್ಣನೂ ಗದ್ದೆಗೆ ಕ್ಲೋರ್‌ಪೈರಿಫಾಸ್ ಕೀಟನಾಶಕ ಹೊಡೆಯುತ್ತೇವೆ. ಅವನು ಆರಾಮಾಗಿರುತ್ತಾನೆ. ನನಗೆ ಮಾತ್ರ ಸಂಜೆಗೆ ತಲೆನೋವು, ವಾಕರಿಕೆ, ಬಾಯಿ ತುಂಬ ಜೊಲ್ಲು. ಹಾಲು ಕುಡಿದೇ ಹೋಗುತ್ತೇನೆ. ನನ್ನ ರಕ್ತವೇ ವೀಕಾ? – ರೈತ, ಮಂಡ್ಯ ತಾಲ್ಲೂಕು

ಮತ್ತೆ ಹಾಲು! ಚರ್ಮದಿಂದ ಒಳಗೆ ಹೋಗುವ ವಿಷಕ್ಕೆ ಹೊಟ್ಟೆಯಲ್ಲಿರುವ ಹಾಲು ಏನು ಮಾಡೀತು? ಹಾಲು ಡೇರಿಗೆ ಹಾಕಿ, ನಾಲ್ಕು ಕಾಸಾದರೂ ಬರುತ್ತದೆ.

ರಕ್ತ ವೀಕ್ ಅಲ್ಲ. ಒಳಗೆ ಹೋದ ಕ್ಲೋರ್‌ಪೈರಿಫಾಸನ್ನು ನಿಜವಾದ ವಿಷ ಮಾಡುವುದು ನಮ್ಮ ಲಿವರ್ರೇ. ಅಲ್ಲಿನ ಕಿಣ್ವಗಳು ಅದನ್ನು ‘ಆಕ್ಸಾನ್’ ಮಾಡುತ್ತವೆ. ಈ ಆಕ್ಸಾನ್ ನರಗಳ ಕೆಲಸ ಕೆಡಿಸುತ್ತದೆ. ಜೊಲ್ಲು, ಬೆವರು, ಸಾಸಿವೆಯಷ್ಟಾದ ಕಣ್ಣಪಾಪೆ, ಎಲ್ಲ ಅದರಿಂದಲೇ. ರಕ್ತದಲ್ಲಿರುವ ಪಾನ್-1 ಎಂಬ ಇನ್ನೊಂದು ಕಿಣ್ವ ಆಕ್ಸಾನನ್ನು ಒಡೆದುಹಾಕುತ್ತದೆ. ಕಿಣ್ವವೆಂದರೆ ಅಮೈನೋ ಆಮ್ಲಗಳ ಸರ, ಇದರ 192ನೇ ಜಾಗದಲ್ಲಿ ಕೆಲವರಿಗೆ ಗ್ಲುಟಮೀನ್ ಎಂಬ ಅಮೈನೋ ಆಮ್ಲ, ಕೆಲವರಿಗೆ ಅರ್ಜಿನೀನ್. ಅರ್ಜಿನೀನ್ ಇದ್ದರೆ ಕ್ಲೋರ್‌ಪೈರಿಫಾಸ್ ಆಕ್ಸಾನ್ ಬೇಗ ಒಡೆಯುತ್ತದೆ. ಕಿಣ್ವದ ಪ್ರಮಾಣವೂ ಒಬ್ಬರಿಂದ ಒಬ್ಬರಿಗೆ ಹತ್ತು ಪಟ್ಟಿಗಿಂತ ಜಾಸ್ತಿ ಏರುಪೇರಾಗುತ್ತದೆ. ಒಂದೇ ತಾಯಿ ಮಕ್ಕಳಾದರೂ ಅಪ್ಪ ಅಮ್ಮನಿಂದ ಬಂದ ಜೀನ್ ಒಂದೇ ಇರಬೇಕಿಲ್ಲ.

ಹಾಗಂತ ನಿಮ್ಮಣ್ಣ ಎದೆಯುಬ್ಬಿಸುವುದು ಬೇಡ. ಪ್ಯಾರಾಥಯಾನ್‌ನಂಥ ಬೇರೆ ಕೀಟನಾಶಕಕ್ಕೆ ಪಾನ್-1 ಅಷ್ಟಾಗಿ ಕಾಯುವುದಿಲ್ಲ, ಇಲಿಗಳಲ್ಲಿ ನೋಡಿದ್ದಾರೆ. ಮೈಮೇಲೆ ಜಾಸ್ತಿ ಬಿದ್ದರೆ ಯಾವ ಜೀನೂ ಉಳಿಸಲ್ಲ. ಇಂಥವರು ಬಂದರೆ ನಾನು ಮೊದಲು ಅಂಗಿಯ ಬೆನ್ನು ನೋಡುತ್ತೇನೆ. ಸೋರುವ ಪಂಪ್ ಹೊತ್ತು ಒದ್ದೆಯಾಗಿರುತ್ತದೆ, ವಾಸನೆ ಬಾಗಿಲಿಗೇ ಬರುತ್ತದೆ. ಆಮೇಲೆ ಜೀನ್ ಮಾತು.

ನೀವು ಸದ್ಯಕ್ಕೆ ಪಂಪ್ ಮುಟ್ಟಬೇಡಿ. ಈ ವಿಷ ಕಟ್ಟಿಹಾಕುವ ಕಿಣ್ವ ಎಷ್ಟು ಉಳಿದಿದೆ ಎಂದು ನೋಡುವ ಕೋಲಿನೆಸ್ಟರೇಸ್ ರಕ್ತಪರೀಕ್ಷೆ ಮಾಡಿಸಿ. ಮುಂದಿನ ವರ್ಷ ಹಂಗಾಮಿಗೆ ಮುಂಚೆ ಒಂದು ಸಲ, ಹೊಡೆದ ಮೇಲೆ ಒಂದು ಸಲ. ಎರಡನ್ನೂ ಹೋಲಿಸಿದರೆ ತಾನೇ ಗೊತ್ತಾಗುವುದು. ಮತ್ತೆ ಜೊಲ್ಲು ಶುರುವಾದರೆ ಅಂಗಿ ಬಿಚ್ಚಿ, ಸೋಪು ಹಾಕಿ ಮೈ ತೊಳೆದು ನೇರ ಆಸ್ಪತ್ರೆಗೆ ಹೋಗಿ, ಅಲ್ಲಿ ಇದಕ್ಕೆ ಕೊಡುವ ಮದ್ದು ಅಟ್ರೋಪಿನ್ ಇರುತ್ತದೆ. ‘ಲಿವರ್ ಕ್ಲೀನ್’ ಪುಡಿ ಮಾರುವವನ ಹತ್ತಿರ ಅಲ್ಲ. ಆ ಅಂಗಿಯಲ್ಲೇ ಮಗು ಎತ್ತಿಕೊಳ್ಳಬೇಡಿ. ಹಸುಗೂಸುಗಳಲ್ಲಿ ಪಾನ್-1 ತುಂಬಾ ಕಡಿಮೆ.

ಪ್ರಶ್ನೆ: ಹೊಲಕ್ಕೆ ಹೊಡೆಯುವ ಯಾವ ಔಷಧಿ ನನಗೆ ಸೇಫ್ ಅಂತ ಡಿಎನ್‌ಎ ಟೆಸ್ಟ್ ಹೇಳುತ್ತಾ? – ಮೈಸೂರು
ಇಲ್ಲ. ಆ ದುಡ್ಡಿಗೆ ಗ್ಲೌಸ್ ತಗೊಳ್ಳಿ.

ಪ್ರಶ್ನೆ: ನಾವು ಆರ್ಯವೈಶ್ಯರು. ಆಪರೇಷನ್‌ಗೆ ಮುಂಚೆ ಅದನ್ನು ಹೇಳಬೇಕಂತೆ, ನಿಜವಾ? – ಮೈಸೂರು
ನಿಜ. ಅರಿವಳಿಕೆ ವೇಳೆ ಸ್ನಾಯು ಸಡಿಲಿಸಲು ಕೊಡುವ ಸ್ಕೋಲಿನ್ ಇಂಜೆಕ್ಷನನ್ನು ಒಡೆಯುವ ಕಿಣ್ವದ ಕೊರತೆ ನಿಮ್ಮವರಲ್ಲಿ ಜಾಸ್ತಿ. ಆ ಕೊರತೆ ಇದ್ದವರಿಗೆ ಉಸಿರು ಮರಳುವುದು ತಡವಾಗುತ್ತದೆ. ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿ.