ಸೇನೆಯ ಬೈಲಿ ಸೇತುವೆ ನಮ್ಮೂರ ಹಳ್ಳಕ್ಕೆ ಯಾಕಲ್ಲ?

ಮಳೆಗಾಲ ಹಿಡಿಯಿತೆಂದರೆ ಸೇನೆಯ ಬಗ್ಗೆ ಬರುವ ಪ್ರಶ್ನೆಗಳು ಪ್ರತಿವರ್ಷವೂ ಅವೇ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಅದರಲ್ಲಿ ಮಕ್ಕಳ ಜೀವದ ಮಾತಿದೆ.

ವಯನಾಡಿನಲ್ಲಿ ರಾತ್ರೋರಾತ್ರಿ ಸೇತುವೆ ಕಟ್ಟಿದ ಸೇನೆ ನಮ್ಮ ಹಳ್ಳಕ್ಕೂ ಒಂದು ಕಟ್ಟಿಕೊಡಬಾರದೇ? ಮಕ್ಕಳು ಅಡಿಕೆ ಮರದ ಸಂಕ (ನಡೆದು ದಾಟುವ ಕಿರುಸೇತುವೆ) ದಾಟಿ ಶಾಲೆಗೆ ಹೋಗುತ್ತಾರೆ.

ನಿಮಗೆ ಬೇಕಿರುವುದು ಆ ಸೇತುವೆಯಲ್ಲ. ಚೂರಲ್‌ಮಲ–ಮುಂಡಕ್ಕೈ ನಡುವೆ ಸೇನೆಯ ಎಂಜಿನಿಯರಿಂಗ್ ದಳವಾದ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ಕಟ್ಟಿದ್ದು 190 ಅಡಿ ಉದ್ದದ, 24 ಟನ್ ಹೊರುವ ಬೈಲಿ ಸೇತುವೆ, ಅಂದರೆ ಮೊದಲೇ ತಯಾರಾದ ಉಕ್ಕಿನ ಚೌಕಟ್ಟುಗಳನ್ನು (ಪ್ಯಾನೆಲ್) ಸ್ಥಳದಲ್ಲೇ ಜೋಡಿಸಿ ಕಟ್ಟುವಂಥದ್ದು. 2024ರ ಆಗಸ್ಟ್ 1ರ ಸಂಜೆಗೆ ಅದು ಸಿದ್ಧವಾಯಿತು. ಭೂಕುಸಿತದ ಮಣ್ಣು ತೆಗೆಯುವ ಯಂತ್ರ, ಆಂಬುಲೆನ್ಸ್ ಆಚೆ ದಡ ಸೇರಬೇಕಿತ್ತು, ಅದಕ್ಕೇ ಆ ಆತುರ.

ಬೈಲಿಯ ಒಂದು ಪ್ಯಾನೆಲ್ 10 ಅಡಿ ಉದ್ದ, ಸುಮಾರು 260 ಕೆ.ಜಿ. ತೂಕ, ಆರು ಜನ ಎತ್ತಬೇಕು. 190 ಅಡಿಗೆ ಎರಡೂ ಬದಿಗೆ ಒಂದೊಂದೇ ಸಾಲು ಎಂದುಕೊಂಡರೂ 38 ಪ್ಯಾನೆಲ್ ಬೇಕು. ಭಾರ ಹೆಚ್ಚಿದಂತೆ ಸಾಲೂ ಹೆಚ್ಚುತ್ತದೆ. ಪ್ಯಾನೆಲ್‌ಗಳನ್ನು ಪಿನ್ ಹಾಕಿ ಜೋಡಿಸಿ, ಅಡ್ಡತೊಲೆ ಕೂರಿಸಿ, ಇಡೀ ಸೇತುವೆಯನ್ನು ಈಚೆ ದಡದಲ್ಲೇ ರೋಲರ್ ಮೇಲೆ ಕಟ್ಟಿ ಮುಂದಕ್ಕೆ ತಳ್ಳುತ್ತಾರೆ. ಮುಂತುದಿಗೆ ಹಲಗೆಯಿಲ್ಲದ ಹಗುರ ಚೌಕಟ್ಟು ಇರುತ್ತದೆ. ಅದು ಆಚೆ ದಡದ ರೋಲರ್ ಮುಟ್ಟುವವರೆಗೆ ಒಟ್ಟು ತೂಕದ ಕೇಂದ್ರ ಈಚೆಯ ರೋಲರ್‌ಗಿಂತ ಹಿಂದೆಯೇ ಉಳಿಯಬೇಕು. ತಪ್ಪಿದರೆ ಸೇತುವೆ ಮೂತಿ ಕೆಳಗಾಗಿ ಹೊಳೆಗೆ ಬೀಳುತ್ತದೆ. ಅಂದರೆ ದಡದ ಹಿಂದೆ ನೇರ, ಸಮತಟ್ಟಾದ, ಉದ್ದನೆಯ ಜಾಗ ಬೇಕು. ಸಾಮಾನು ತರುವ ಲಾರಿಗಳಿಗೆ ದಾರಿಯೂ ಬೇಕು. ನಿಮ್ಮ ಹಳ್ಳದ ಬದಿಯ ತೋಟದ ಇಳಿಜಾರಿನಲ್ಲಿ ಇವೆರಡೂ ಎಲ್ಲಿವೆ?

ಕಟ್ಟಿದ ಮೇಲೂ ಪಿನ್, ಬೋಲ್ಟ್, ಬ್ರೇಸ್‌ಗಳನ್ನು ಆಗಾಗ ಪರೀಕ್ಷಿಸಿ ಬಿಗಿಮಾಡಬೇಕು. ನೋಡುವವರಿಲ್ಲದಿದ್ದರೆ, ಭಾರದ ಮಿತಿ ಮೀರಿದರೆ ಅದು ಉಳಿಯುವುದಿಲ್ಲ. 2020ರ ಜೂನ್‌ನಲ್ಲಿ ಉತ್ತರಾಖಂಡದ ಮುನ್ಸಿಯಾರಿ ಬಳಿ ಯಂತ್ರ ಹೊತ್ತ ಲಾರಿಯೊಂದು ಹತ್ತಿ ಬೈಲಿ ಸೇತುವೆಯೇ ಕುಸಿಯಿತು. "ಬೈಲಿ ಮಾದರಿ" ಎಂದು ಹೇಳಿಕೊಂಡು ಯಾರಾದರೂ ಗುಜರಿ ಕಬ್ಬಿಣಕ್ಕೆ ಬೆಸುಗೆ ಹಾಕಿಕೊಡಲು ಬಂದರೆ ಬಾಗಿಲಿನಿಂದಲೇ ಕಳಿಸಿ. ಅದರ ಮೇಲೆ ಮಕ್ಕಳನ್ನು ನಡೆಸಬೇಡಿ.

ನೀವು ಕೇಳಬೇಕಾದದ್ದು ಕಾಲುಸಂಕ. ಕೇಳಬೇಕಾದದ್ದು ಗ್ರಾಮ ಪಂಚಾಯಿತಿ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ ಮತ್ತು ಲೋಕೋಪಯೋಗಿ ಇಲಾಖೆಯನ್ನು. ಅರ್ಜಿಗೆ ಬೇಸಿಗೆಯ ಫೋಟೊ ಹಚ್ಚಬೇಡಿ. ಒಣಹಳ್ಳ ನೋಡಿದ ಎಂಜಿನಿಯರ್ ಗಿಡ್ಡ ಸಂಕವನ್ನೇ ಬರೆಯುತ್ತಾನೆ. ಜುಲೈ, ಆಗಸ್ಟ್‌ನಲ್ಲಿ ನೀರು ಏರಿದ ಮಟ್ಟವನ್ನು ದೂರದಲ್ಲೇ ನಿಂತು ನೋಡಿಕೊಳ್ಳಿ, ಇಳಿದ ಮೇಲೆ ಬಂಡೆಗೋ ಮರಕ್ಕೋ ಬಣ್ಣದಿಂದ ಗುರುತು ಹಾಕಿ. ಸಂಕದ ತಳ ಆ ಗುರುತಿಗಿಂತ ಸಾಕಷ್ಟು ಮೇಲಿರಬೇಕು. ನೀರಿಗಿಂತ ತೇಲಿಬರುವ ದಿಮ್ಮಿಯ ಪೆಟ್ಟು ದೊಡ್ಡದು. ನಡುವೆ ಕಂಬ ನಿಲ್ಲಿಸಿದರೆ ಕಸಕಡ್ಡಿ, ಮರ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಕಿರುಹಳ್ಳವಾದರೆ ಕಂಬವಿಲ್ಲದ ಸಂಕವನ್ನೇ ಕೇಳಿ. ಇವೆಲ್ಲಕ್ಕಿಂತ ಹೆಚ್ಚಾಗಿ ಎರಡೂ ತುದಿಯ ಕಟ್ಟೆಗಳ ಬುಡ ನೋಡಿ. ಸಂಕಗಳು ಹೋಗುವುದು ಬಹುಪಾಲು ಬುಡದ ಮಣ್ಣು ಕೊರೆದೇ. ಕಟ್ಟೆಯ ಅಡಿಪಾಯ ಗಟ್ಟಿ ಬಂಡೆಗೆ ಇಳಿಯುವ ಮುನ್ನ ಕಾಂಕ್ರೀಟ್ ಸುರಿಯಲು ಬಿಡಬೇಡಿ. ಹಿಡಿದು ನಡೆಯಲು ಕಂಬಿ ಇಲ್ಲದ ಸಂಕವನ್ನು "ಆಮೇಲೆ ಹಾಕಿಸುತ್ತೇವೆ" ಎಂಬ ಮಾತಿಗೆ ಒಪ್ಪಿಕೊಳ್ಳಬೇಡಿ.

ಪ್ರವಾಹ ಬಂದಾಗ ಸೇನೆಗೆ ನಾವೇ ಫೋನ್ ಮಾಡಬಹುದೇ?

ಇಲ್ಲ. ತುರ್ತು ಸಹಾಯವಾಣಿ 112 ಅಥವಾ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಮಾಡಿ. ಸೇನೆಯನ್ನು ಕೋರುವುದು ಜಿಲ್ಲಾಡಳಿತ ಮತ್ತು ರಾಜ್ಯ ಸರ್ಕಾರ.

ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ) ಸೇನೆಯದೇ ತುಕಡಿಯಲ್ಲವೇ?

ಅಲ್ಲ. ಅದು ಗೃಹ ಸಚಿವಾಲಯದ್ದು.

ರಕ್ಷಣಾ ಬಜೆಟ್ಟಿನಲ್ಲಿ ನೆರೆ ಪರಿಹಾರಕ್ಕೆ ಎಷ್ಟು ಇಟ್ಟಿದ್ದಾರೆ?

2025-26ರ 6.81 ಲಕ್ಷ ಕೋಟಿಯಲ್ಲಿ ಸುಮಾರು 1.60 ಲಕ್ಷ ಕೋಟಿ ಪಿಂಚಣಿಗೆ, 1.80 ಲಕ್ಷ ಕೋಟಿ ಶಸ್ತ್ರಾಸ್ತ್ರ ಮತ್ತಿತರ ಬಂಡವಾಳ ವೆಚ್ಚಕ್ಕೆ. ನೆರೆ ಪರಿಹಾರದ ಹಣವನ್ನು ಅಲ್ಲಿ ಹುಡುಕಬೇಡಿ, ಅದು ರಾಜ್ಯ ವಿಪತ್ತು ಸ್ಪಂದನಾ ನಿಧಿಯಲ್ಲಿದೆ: ನಮ್ಮಂಥ ರಾಜ್ಯಗಳಿಗೆ ಕೇಂದ್ರದ ಪಾಲು ಶೇ 75, ರಾಜ್ಯದ್ದು ಶೇ 25. ಹೆಲಿಕಾಪ್ಟರ್ ಹಾರಾಟವೂ ಪುಕ್ಕಟೆಯಲ್ಲ. ವಿಪತ್ತುಗಳಲ್ಲಿ ನಡೆದ ಹಾರಾಟಗಳ ಬಾಬ್ತು 132 ಕೋಟಿಗೂ ಹೆಚ್ಚು ಹಣ ಕಟ್ಟುವಂತೆ 2024ರಲ್ಲಿ ಕೇರಳಕ್ಕೆ ಕೇಂದ್ರ ಪತ್ರ ಬರೆಯಿತು. ಜೀವ ಉಳಿಸಿದ್ದಕ್ಕೆ ರಾಜ್ಯಗಳಿಗೆ ಬಿಲ್ ಕಳಿಸುವ ಈ ಪದ್ಧತಿ ನಿಲ್ಲಬೇಕು.

ಸೇನೆಯ ಆಧುನೀಕರಣಕ್ಕೆ ಹಣ ಹಾಕಿ ಎಂದು ವಾಟ್ಸಾಪಿನಲ್ಲಿ ಖಾತೆ ಸಂಖ್ಯೆ ಬಂದಿದೆ.

ಹಾಕಬೇಡಿ, ಬೇರೆಯವರಿಗೆ ಕಳಿಸಲೂಬೇಡಿ. ಆ ಸಂದೇಶ ದಾರಿತಪ್ಪಿಸುವಂಥದ್ದು ಎಂದು ರಕ್ಷಣಾ ಸಚಿವಾಲಯ 2025ರ ಏಪ್ರಿಲ್‌ನಲ್ಲೇ ಹೇಳಿದೆ.