ಕಂಪನಿ ಕೊಂಡಾಯಿತು, ಈಗ ಅವರ ಅಕೌಂಟ್ಸ್ ನಮ್ಮ ಜೊತೆ ಸೇರಿಸುವುದು ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಕಂಪನಿ ಹುಬ್ಬಳ್ಳಿಯ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್‌ನ ಪೂರ್ತಿ ಷೇರು ಕೊಂಡಿದೆ. ಲೆಕ್ಕದ ಸಾಫ್ಟ್‌ವೇರ್ ಅವರದು ಟ್ಯಾಲಿ, ನಿಮ್ಮದು ಸ್ಯಾಪ್. ಒಂದೇ ತಿಂಗಳಲ್ಲಿ ಎಲ್ಲ ಸ್ಯಾಪ್‌ಗೆ ಬರಬೇಕು ಅಂತ ಬಾಸ್ ಹಟ ಹಿಡಿದಿದ್ದಾರೆ. ಇಷ್ಟೇ ಅಲ್ವಾ ಪ್ರಶ್ನೆ? ಸಾಫ್ಟ್‌ವೇರ್‌ನಿಂದ ಮಾತ್ರ ಶುರು ಮಾಡಬೇಡಿ. ಅದು ಕೊನೆಗೆ.

ಬಾಸ್‌ಗೆ ಮೊದಲು ಇದನ್ನು ಹೇಳಿ: ಷೇರು ಕೊಂಡ ಮಾತ್ರಕ್ಕೆ ಎರಡು ಕಂಪನಿ ಒಂದಾಗುವುದಿಲ್ಲ. ಅವರ ಪ್ಯಾನ್, ಟ್ಯಾನ್ (ಟಿಡಿಎಸ್ ಕಟ್ಟುವ ನಂಬರ್), ಜಿಎಸ್‌ಟಿ ನಂಬರ್ ಎಲ್ಲ ಹಾಗೇ ಇರುತ್ತವೆ. ಲೆಕ್ಕ ಬೇರೆ, ಆಡಿಟ್ ಬೇರೆ, ರಿಟರ್ನ್ ಬೇರೆ. ನೀವು ಅವರಿಗೆ ಮಾಲು ಕೊಟ್ಟರೆ ಬಿಲ್ಲಿಗೆ ಜಿಎಸ್‌ಟಿಯೂ ಬೀಳುತ್ತದೆ. ಎರಡೂ ಸೇರುವುದು ಕನ್ಸಾಲಿಡೇಷನ್‌ನಲ್ಲಿ, ಅಂದರೆ ಇಡೀ ಗ್ರೂಪ್‌ನ ಒಟ್ಟು ಲೆಕ್ಕ ತೋರಿಸುವಾಗ ಮಾತ್ರ. ಅದಕ್ಕೆ ತಿಂಗಳಿಗೊಂದು ಟ್ರಯಲ್ ಬ್ಯಾಲೆನ್ಸ್ (ಎಲ್ಲ ಲೆಡ್ಜರ್‌ಗಳ ಬ್ಯಾಲೆನ್ಸ್ ಪಟ್ಟಿ), ಅದನ್ನು ನಿಮ್ಮ ಲೆಡ್ಜರ್‌ಗಳಿಗೆ ಹೊಂದಿಸುವ ಒಂದು ಎಕ್ಸೆಲ್ ಶೀಟ್ ಸಾಕು.

ಮೊದಲ ವಾರ ಬ್ಯಾಂಕು ಮತ್ತು ಲಾಗಿನ್‌ಗಳು. ಬೋರ್ಡ್ ರೆಸಲ್ಯೂಷನ್ ಮಾಡಿ ಚೆಕ್ಕಿಗೆ ಸಹಿ ಹಾಕುವವರನ್ನು ಬದಲಿಸಿ. ಆಮೇಲೆ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್, ಪಿಎಫ್, ಪ್ರೊಫೆಷನಲ್ ಟ್ಯಾಕ್ಸ್ ಲಾಗಿನ್‌ಗಳಲ್ಲಿ ಯಾರ ಮೊಬೈಲ್ ನಂಬರ್ ಇದೆ ಅಂತ ಒಂದೊಂದಾಗಿ ನೋಡಿ. ಇಲ್ಲದಿದ್ದರೆ 20ನೇ ತಾರೀಕು 3ಬಿ (ತಿಂಗಳ ಜಿಎಸ್‌ಟಿ ರಿಟರ್ನ್) ಹಾಕಲು ಕೂತಾಗ ಓಟಿಪಿ ಹಳೇ ಮಾಲೀಕರ ಫೋನಿಗೆ ಹೋಗುತ್ತದೆ, ಅವರೋ ಮಗಳನ್ನು ನೋಡಲು ಅಮೆರಿಕಕ್ಕೆ ವಿಮಾನ ಹತ್ತಿರುತ್ತಾರೆ.

ನಿಜವಾದ ತಲೆನೋವು ಕಟ್‌ಆಫ್, ಅಂದರೆ ಯಾವ ದಿನದವರೆಗಿನ ಲೆಕ್ಕ ಯಾರದ್ದು ಅನ್ನುವುದು. ನಿಯಂತ್ರಣ ನಿಮ್ಮ ಕೈಗೆ ಬಂದ ದಿನದವರೆಗಿನ ಲಾಭ ಹಳಬರದ್ದು, ಆಮೇಲಿನದ್ದು ಮಾತ್ರ ನಿಮ್ಮ ಗ್ರೂಪ್‌ನದ್ದು. ಆದರೆ ಸಣ್ಣ ಕಂಪನಿಗಳಲ್ಲಿ ಸ್ಟಾಕ್, ಡಿಪ್ರಿಸಿಯೇಷನ್, ಬೋನಸ್, ಗ್ರಾಚುಯಿಟಿ ಎಂಟ್ರಿಗಳು ಬೀಳುವುದೇ ಮಾರ್ಚ್‌ನಲ್ಲಿ, ಅದೂ ಆಡಿಟರ್ ಬಂದು ಹೇಳಿದ ಮೇಲೆ. ಹಾಗಾಗಿ ನೀವು ಕೊಂಡದ್ದು ಡಿಸೆಂಬರ್ ಮಧ್ಯದಲ್ಲಿ ಅಂದುಕೊಂಡರೆ, ಆ ದಿನಕ್ಕೆ ಟ್ಯಾಲಿಯಿಂದ ಸುಮ್ನೆ ಟ್ರಯಲ್ ಬ್ಯಾಲೆನ್ಸ್ ತೆಗೆದರೆ ಅದರಲ್ಲಿರುವ ಲಾಭ ಬರೀ ಕಾಗದದ ಲಾಭ. ಆ ದಿನಕ್ಕೆ ವರ್ಷದ ಕೊನೆಯ ಹಾಗೇ ಲೆಕ್ಕ ಮುಗಿಸಿ. ಗೋಡೌನ್‌ಗೆ ಹೋಗಿ ಸ್ಟಾಕ್ ಎಣಿಸಿ, ಬಾಕಿ ಬರಬೇಕಾದ್ದನ್ನು ಬಿಲ್‌ವಾರು ಪಟ್ಟಿ ಮಾಡಿ, ದೊಡ್ಡ ಪಾರ್ಟಿಗಳಿಂದ ಬ್ಯಾಲೆನ್ಸ್ ಕನ್ಫರ್ಮೇಷನ್ ತರಿಸಿ. ನಿಮ್ಮದು ಇಂಡ್ ಎಎಸ್ (ದೊಡ್ಡ ಕಂಪನಿಗಳ ಲೆಕ್ಕದ ನಿಯಮಗಳು) ಪಾಲಿಸುವ ಕಂಪನಿಯಾದರೆ ಈಗ ಅವರೂ ಅದನ್ನೇ ಪಾಲಿಸಬೇಕು. ಗುಡ್‌ವಿಲ್ (ಅವರ ನಿವ್ವಳ ಆಸ್ತಿಯ ಮೌಲ್ಯಕ್ಕಿಂತ ನೀವು ಹೆಚ್ಚು ಕೊಟ್ಟ ದುಡ್ಡು) ಲೆಕ್ಕ ಅಂತಿಮ ಮಾಡಲು ಇಂಡ್ ಎಎಸ್ 103 ಹೆಚ್ಚೆಂದರೆ 1 ವರ್ಷ ಕೊಡುತ್ತದೆ, ಆದರೆ ಕೊಂಡ ದಿನ ಇದ್ದ ಸ್ಥಿತಿಯ ಬಗ್ಗೆ ಆಮೇಲೆ ಗೊತ್ತಾದದ್ದಕ್ಕೆ ಮಾತ್ರ.

ಅವರ ಅಕೌಂಟೆಂಟ್‌ರನ್ನು ದಯವಿಟ್ಟು ಬಿಟ್ಟುಕೊಡಬೇಡಿ. ಒಂದೇ ಪಾರ್ಟಿ ಎರಡು ಸ್ಪೆಲಿಂಗ್‌ನಲ್ಲಿ ಯಾಕಿದೆ, ಸಸ್ಪೆನ್ಸ್ ಲೆಡ್ಜರ್‌ನಲ್ಲಿ (ಯಾರದ್ದೆಂದು ತಿಳಿಯದ್ದನ್ನು ಹಾಕಿಡುವ ಖಾತೆ) ಕೂತಿರುವ ದುಡ್ಡು ಯಾರದ್ದು ಅಂತ ಗೊತ್ತಿರುವುದು ಅವರೊಬ್ಬರಿಗೇ. ಇಮೇಲ್‌ನಲ್ಲಿ ಪ್ರಶ್ನೆ ಕಳಿಸಬೇಡಿ. ಹುಬ್ಬಳ್ಳಿಗೆ ಹೋಗಿ ಪಕ್ಕದಲ್ಲಿ ಕೂತು ಕೇಳಿ. ಕೆಲಸ ಹೋಗುತ್ತದೆ ಅನ್ನುವ ಭಯ ಇದ್ದೇ ಇರುತ್ತದೆ, ಆ ಬಗ್ಗೆ ಬಾಸ್ ಮೊದಲೇ ಬಾಯಿಬಿಟ್ಟು ಹೇಳಲಿ.

ಸ್ಯಾಪ್‌ಗೆ ಹೋಗಲು ಏಪ್ರಿಲ್ 1 ಇಟ್ಟುಕೊಳ್ಳಿ. ವರ್ಷದ ಮಧ್ಯೆ ಹೋದರೆ ಟಿಡಿಎಸ್, ಇನ್‌ಕಮ್ ಟ್ಯಾಕ್ಸ್ ಇಲಾಖೆಯ ಟ್ಯಾಕ್ಸ್ ಸ್ಟೇಟ್‌ಮೆಂಟ್, ಜಿಎಸ್‌ಟಿ 2ಬಿ (ಖರೀದಿಯ ಕ್ರೆಡಿಟ್ ಪಟ್ಟಿ) ಹೊಂದಾಣಿಕೆ ಅರ್ಧ ಅಲ್ಲಿ ಅರ್ಧ ಇಲ್ಲಿ ಆಗುತ್ತದೆ. ಓಪನಿಂಗ್ ಬ್ಯಾಲೆನ್ಸ್ ಪಾರ್ಟಿಗೊಂದು ಮೊತ್ತ ಅಂತ ಹಾಕದೆ ಬಿಲ್‌ವಾರು ಹಾಕಿ, ಇಲ್ಲದಿದ್ದರೆ ವಸೂಲಿಗೆ ಹೋದವರಿಗೆ ಯಾವ ಬಿಲ್ಲು ಅಂತಲೇ ಗೊತ್ತಾಗುವುದಿಲ್ಲ. ಹಳೇ ಟ್ಯಾಲಿ ಡೇಟಾ ಅಳಿಸಬೇಡಿ. ಕಂಪನಿ ಕಾಯ್ದೆ ಪ್ರಕಾರ 8 ವರ್ಷದ ಲೆಕ್ಕ ಇಡಬೇಕು, ಏಪ್ರಿಲ್ 2023ರಿಂದ ಎಡಿಟ್ ಲಾಗ್ (ಯಾವ ಎಂಟ್ರಿ ಯಾವಾಗ ಬದಲಾಯಿತು ಅನ್ನುವ ದಾಖಲೆ) ಕೂಡ ಕಡ್ಡಾಯ.

ಇನ್ನೊಂದು, ನೀವು ಕೇಳಿಲ್ಲ. ಅವರ ಹಳೇ ನಷ್ಟ ತೋರಿಸಿ ಟ್ಯಾಕ್ಸ್ ಉಳಿಸಬಹುದು ಅಂತ ಯಾರಾದರೂ ಲೆಕ್ಕ ಹಾಕಿದ್ದಾರಾ? ಪ್ರೈವೇಟ್ ಕಂಪನಿಯಲ್ಲಿ ಷೇರುದಾರರು ಪೂರ್ತಿ ಬದಲಾದರೆ ಮುಂದಕ್ಕೆ ತಂದ ವ್ಯಾಪಾರದ ನಷ್ಟ ಸಾಮಾನ್ಯವಾಗಿ ಕೈಬಿಟ್ಟು ಹೋಗುತ್ತದೆ, ಉಳಿಯುವುದು ಲಾಭ ಸಾಲದೆ ಕಳೆಯಲಾಗದೆ ಉಳಿದ ಡಿಪ್ರಿಸಿಯೇಷನ್ ಬಾಕಿ ಮಾತ್ರ. ಆ ನಷ್ಟದ ಮೇಲೆ ಡಿಫರ್ಡ್ ಟ್ಯಾಕ್ಸ್ ಆಸ್ತಿ (ಮುಂದೆ ಉಳಿಯುವ ಟ್ಯಾಕ್ಸ್ ಅಂತ ಲೆಕ್ಕದಲ್ಲಿ ಬರೆದ ಮೊತ್ತ) ತೋರಿಸಿದ್ದರೆ ಈಗಲೇ ನಿಮ್ಮ ಸಿಎ ಹತ್ತಿರ ಮಾತಾಡಿ.